ಬೂ ಎನ್ನಿಸಿಕೊಳ್ಳುವ ಯೋಗ್ಯತೆ

ಹಾರ್ಲನ್ ಮಿಲ್ಸ್ ಊರಿನಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುವ ಕೆಲಸ ಡೆಲ್ಬರ್ಟ್ ಕ್ರೋಲ್‌ನದು. ಮೀಟರ್ ಓದಲು ಒಂದು ನಿಮಿಷ ಧಾರಾಳ. ಡೆಲ್ಬರ್ಟನಿಗೆ ಮಾತ್ರ ಮನೆಯೊಂದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಮಿಕ್ಕ ಹತ್ತೊಂಬತ್ತು ನಿಮಿಷ ಎಮಿಲಿಯೋ ಬಾಯೆಸ್‌ನ ಕಥೆಗೆ. ಅವನ ಟೋಪಿ ಬೀದಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ ಜನ ಸ್ನಾನದ ಮನೆ ಹೊಕ್ಕು ನಲ್ಲಿ ತಿರುಗಿಸಿಬಿಡುತ್ತಿದ್ದರು. ಓಹಾಯೋ ಸೀಮೆಯ ಅಷ್ಟು ಚಿಕ್ಕ ಊರು ಅಷ್ಟೊಂದು ನೀರು ಖರ್ಚು ಮಾಡುವುದೇಕೆಂದು ಮೇಲಿನ ಅಧಿಕಾರಿಗಳು ಎರಡು ಸಲ ಬಂದು ತನಿಖೆ ನಡೆಸಿ, ಕೊಳವೆ ಎಲ್ಲಿಯೂ ಸೋರುತ್ತಿಲ್ಲವೆಂದು ಬರೆದುಹೋದರು.

ಕಥೆ ದೊಡ್ಡದೇನಲ್ಲ. ಟೊಲೀಡೊ ಪಟ್ಟಣದ ಬೇಸ್‌ಬಾಲ್ ತಂಡಕ್ಕೆ ಹೆರಾನ್ಸ್ ಎಂದು ಹೆಸರು, ಎಂದರೆ ಕೊಕ್ಕರೆಗಳು. ಈ ಕೊಕ್ಕರೆಗಳು ತಮ್ಮ ಎಳೆಯ ಆಟಗಾರರನ್ನು ಪಳಗಲಿ ಎಂದು ಹಾರ್ಲನ್ ಮಿಲ್ಸ್‌ನ ಪುಟ್ಟ ತಂಡಕ್ಕೆ ಕಳಿಸುತ್ತಿದ್ದರು. ಅವರಿಗೆ ಸಿಗುವ ಸಂಬಳದಲ್ಲಿ ಬಾಡಿಗೆ ಮನೆ ಹಿಡಿಯುವ ಹಾಗಿರಲಿಲ್ಲವಾದ್ದರಿಂದ ಊರಿನವರೇ ಬೇಸಿಗೆ ಮುಗಿಯುವ ತನಕ ಮನೆಗೊಬ್ಬನಂತೆ ಇಟ್ಟುಕೊಂಡು, ಹಾಸಿಗೆ ಕೊಟ್ಟು, ಊಟ ಹಾಕುವುದು ವಾಡಿಕೆ. ಹತ್ತು ವರ್ಷದ ಹಿಂದೆ ಕ್ರೋಲ್ ದಂಪತಿಯ ಪಾಲಿಗೆ ಬಂದವನು ಎಮಿಲಿಯೋ. ಡೊಮಿನಿಕನ್ ಗಣರಾಜ್ಯದ ಹುಡುಗ, ಹದಿನೆಂಟು ವಯಸ್ಸು, ಕೈಯಲ್ಲೊಂದು ಚೀಲ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು ಎರಡೇ ಮಾತು: ಥ್ಯಾಂಕ್ಯೂ ಮತ್ತು ಚಿಕನ್.

ಅವನು ಆಟ ಮುಗಿಸಿ ಬಂದು ಅಡಿಗೆಮನೆಯಲ್ಲಿ ಊಟಕ್ಕೆ ಕೂತರೆ ಡೆಲ್ಬರ್ಟ್ ಮುಂದಿನ ಕೋಣೆಯಲ್ಲಿ ಒರಗುಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಚೆಂಡೆಸೆಯುವ ವಿದ್ಯೆಯನ್ನು ಬೋಧಿಸುತ್ತಿದ್ದ. ಬೆರಳನ್ನು ಹೊಲಿಗೆಯ ಮೇಲೆ ಎಲ್ಲಿಡಬೇಕು, ಮಣಿಕಟ್ಟನ್ನು ಯಾವಾಗ ತಿರುವಬೇಕು, ಚೆಂಡು ಬ್ಯಾಟಿನ ಹತ್ತಿರ ಬಂದು ಹೇಗೆ ಕೆಳಗೆ ಕುಸಿಯಬೇಕು, ಎಲ್ಲವನ್ನೂ. ಡೆಲ್ಬರ್ಟ್ ಸ್ವತಃ ಜೀವಮಾನದಲ್ಲಿ ಎಸೆದದ್ದು ನಾಯಿಗಳಿಗೆ ಬಿಸ್ಕತ್ತು ಮಾತ್ರ, ಅದೂ ಕಚ್ಚದಿರಲಿ ಎಂದು. ಆದರೆ ಎಮಿಲಿಯೋ ಮುಂದೆ ಬಂದ. ಟೊಲೀಡೊ ಸೇರಿದ. ಅವನ ಕುಸಿಯುವ ಚೆಂಡಿಗೆ ಒಳ್ಳೊಳ್ಳೆಯ ಹೊಡೆತಗಾರರು ಗಾಳಿಗೆ ಬ್ಯಾಟು ಬೀಸತೊಡಗಿದರು. ಅಂದಿನಿಂದ ಅದು ಡೆಲ್ಬರ್ಟನ ಚೆಂಡಾಯಿತು. ಹುಡುಗ ಹೋದ ಮೇಲೆ ಒಂದು ಕಾಗದವನ್ನಾದರೂ ಬರೆದನೇ ಎಂದು ಯಾರಾದರೂ ಕೇಳಿದರೆ, ಮಕ್ಕಳು ಅಪ್ಪನಿಗೆ ಕಾಗದ ಬರೆಯುತ್ತ ಕೂರುತ್ತಾರೆಯೇ ಎಂಬ ಉತ್ತರ ಸಿದ್ಧವಿತ್ತು.

ಆ ವರ್ಷ ಕೊಕ್ಕರೆಗಳು ಸೋತ ಪರಿಗೆ ಟೊಲೀಡೊದ ಪತ್ರಿಕೆ ಪಂದ್ಯದ ಫಲಿತಾಂಶವನ್ನು ಮರಣವಾರ್ತೆಯ ಪಕ್ಕದಲ್ಲಿ ಹಾಕುತ್ತಿತ್ತು. ಆದರೂ ಜುಲೈ ತಿಂಗಳ ತಾರೆಯರ ಪಂದ್ಯಕ್ಕೆ ಒಂದು ಕಟ್ಟಳೆ ಇದೆ. ದೇಶದ ತಂಡಗಳನ್ನೆಲ್ಲ ಹಂಚಿರುವ ಎರಡು ಲೀಗುಗಳ ನಡುವಿನ ಈ ಪಂದ್ಯಕ್ಕೆ ಅತ್ಯುತ್ತಮರನ್ನು ಆರಿಸುವಾಗ, ಎಂಥ ದರಿದ್ರ ತಂಡವಾದರೂ ಸರಿ, ಅದರಿಂದ ಒಬ್ಬನನ್ನಾದರೂ ಕರೆಯಲೇಬೇಕು. ಯಾರಾದರೂ ಹೋಗಬೇಕಿತ್ತು. ಎಮಿಲಿಯೋನ ಹೆಸರು ಬಂತು. ಪಂದ್ಯ ನಡೆಯುವುದು ಫಿಲಡೆಲ್ಫಿಯಾದಲ್ಲಿ, ಎದುರು ಲೀಗಿನವರ ಅಂಗಳದಲ್ಲಿ.

ಡೆಲ್ಬರ್ಟ್ ಅಂದೇ ಅಭಿನಂದನೆಯ ಕಾಗದ ಬರೆದ, ಹನ್ನೊಂದು ಪುಟ. ಎರಡು ವಾರಕ್ಕೆ ತಂಡದ ಕಚೇರಿಯಿಂದ ಒಂದು ಅಚ್ಚಾದ ಕಾರ್ಡು ಬಂತು. ಕೊಕ್ಕರೆಯ ಚಿತ್ರ, ಕೆಳಗೆ ರಬ್ಬರ್ ಮೊಹರಿನ ಸಹಿ, ನಡುವೆ ಎರಡು ಸಾಲು: ನಿಮ್ಮ ಅಭಿಮಾನಕ್ಕೆ ಕೃತಜ್ಞ, ನಿಮ್ಮನ್ನು ಬೇಗನೆ ಮೈದಾನದಲ್ಲಿ ಕಾಣುವ ಆಸೆ. ಇಂಥ ಕಾರ್ಡು ಆ ಕಚೇರಿಯಿಂದ ದಿನಕ್ಕೆ ಇನ್ನೂರು ಹೋಗುತ್ತಿತ್ತು. ಡೆಲ್ಬರ್ಟ್ ಅದನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಹುಡುಗ ತನ್ನನ್ನು ಕರೆಸಿಕೊಳ್ಳುತ್ತಿದ್ದಾನೆ ಎಂದು ತೀರ್ಮಾನಿಸಿದ. ಆ ತಿಂಗಳು ನಾನೂರ ಹನ್ನೆರಡು ಮನೆಗಳಲ್ಲಿ ಆ ಕಾರ್ಡಿನ ಪಾರಾಯಣ ನಡೆಯಿತು. ನಲ್ಲಿ ಬಿಟ್ಟುಕೊಂಡು ಒಳಗೆ ಕೂತವರಿಗೂ ಬಾಗಿಲ ಸಂದಿಯಲ್ಲಿ ಓದಿ ಹೇಳಿದ್ದಾಯಿತು. ಊರ ವಾರಪತ್ರಿಕೆಯವನಿಗೆ ಆ ವಾರ ಬೇರೆ ಸುದ್ದಿ ಇರಲಿಲ್ಲ. ‘ಸಾಕುತಂದೆಗೆ ತಾರೆಯ ಕರೆ’ ಎಂದು ಮೊದಲ ಪುಟದಲ್ಲೇ ಹಾಕಿದ.

ಇದನ್ನು ತಡೆದುಕೊಳ್ಳಲಾಗದವನು ಒಬ್ಬನೇ, ಕ್ಷೌರದಂಗಡಿಯ ಗ್ಲೆನ್. ಡೆಲ್ಬರ್ಟನ ಹೆಂಡತಿ ಲೊರೇನಳ ಖಾಸಾ ತಮ್ಮ. ಹತ್ತು ವರ್ಷದಿಂದ ಡೆಲ್ಬರ್ಟ್ ಅವನ ಅಂಗಡಿಯಲ್ಲಿ ಕೂತು ಇದೇ ಕಥೆ ಹೇಳುತ್ತಿದ್ದ. ಗ್ಲೆನ್‌ಗೆ ನಲ್ಲಿ ತಿರುಗಿಸಿ ಒಳಗೆ ಕೂರುವ ಸೌಲಭ್ಯವಿರಲಿಲ್ಲ. ಶನಿವಾರ, ಅಂಗಡಿ ತುಂಬ ಜನ, ಡೆಲ್ಬರ್ಟನ ಅರ್ಧ ಮುಖಕ್ಕೆ ನೊರೆ ಹಚ್ಚಿ ಗ್ಲೆನ್ ಕೈ ತಡೆದ.

“ಭಾವ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಹುಡ್ಗಂಗೆ ನೀನ್ಯಾರು ಅಂತ ಗೊತ್ತಾ?”

ಡೆಲ್ಬರ್ಟ್ ನೊರೆಯೊಳಗಿಂದಲೇ ನಕ್ಕ. ಗ್ಲೆನ್ ಕತ್ತಿಯನ್ನು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ತನ್ನ ಕರಾರು ಹೇಳಿದ. ಡೆಲ್ಬರ್ಟ್ ಫಿಲಡೆಲ್ಫಿಯಾಕ್ಕೆ ಹೋಗಲಿ. ಎಮಿಲಿಯೋನ ಎದುರು ನಿಲ್ಲಲಿ. ತನ್ನ ಹೆಸರು ಹೇಳಕೂಡದು. ಅವನಾಗಿಯೇ ಗುರುತು ಹಿಡಿದು ಡೆಲ್ಬರ್ಟ್ ಎಂದರೆ, ‘ಎಮಿಲಿಯೋನನ್ನು ಮನುಷ್ಯನನ್ನಾಗಿ ಮಾಡಿದವನು ನನ್ನ ಭಾವ’ ಎಂದು ಗ್ಲೆನ್ ಅಂಗಡಿಯ ಗಾಜಿನ ಮೇಲೆ ಬಣ್ಣದಲ್ಲಿ ಬರೆಸುತ್ತಾನೆ.

“ಹಿಡೀಲಿಲ್ಲ ಅಂದ್ರೆ, ಸಾಯೋವರ್ಗೂ ಆ ಹೆಸರು ನಿನ್ ಬಾಯಲ್ಲಿ ಬರ್ಬಾರ್ದು. ಇಲ್ಲಿ ಅಷ್ಟೇ ಅಲ್ಲ. ಎಲ್ಲೂ.”

ನಾನೂರ ಹನ್ನೆರಡು ಮನೆಗಳ ನೆಮ್ಮದಿ ಆ ಕುರ್ಚಿಯ ಮೇಲೆ ಅರ್ಧ ಗಡ್ಡದಲ್ಲಿ ಕೂತಿತ್ತು. ಡೆಲ್ಬರ್ಟನಿಗೆ ಐವತ್ತೆಂಟು ವರ್ಷ. ಅಷ್ಟು ವರ್ಷಗಳಲ್ಲಿ ಅವನಿಗೆ ಘಟಿಸಿದ್ದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದು ಬೇಸಿಗೆ. ಅದನ್ನು ಪಣಕ್ಕಿಡುತ್ತಿದ್ದೇನೆಂಬ ಯೋಚನೆ ಕೂಡ ಇಲ್ಲದೆ ಆಗಲಿ ಎಂದುಬಿಟ್ಟ.

ಟಿಕೆಟ್ಟಿಗಾಗಿ ಅವನು ತಂಡದ ಕಚೇರಿಗೆ ಮತ್ತೆ ಬರೆದ, ಎಮಿಲಿಯೋ ಮಾತು ಕೊಟ್ಟ ಜಾಗವನ್ನು ದಯವಿಟ್ಟು ಕಳಿಸಿಕೊಡಿ ಎಂದು. ಹದಿನಾರು ಪುಟ. ಅಲ್ಲಿಯ ಗುಮಾಸ್ತೆ ನಾಲ್ಕನೇ ಪುಟಕ್ಕೇ ಸೋತು, ಇನ್ನೊಂದು ಕಾಗದ ಬರದಿದ್ದರೆ ಸಾಕೆಂದು ಮೇಲಿನ ಅಂತಸ್ತಿನ ಕೊನೆಯ ಸಾಲಿನ ಟಿಕೆಟ್ಟೊಂದನ್ನು ಹುಡುಕಿ ಕಳಿಸಿದಳು. ಇದೂ ಕರೆಯೇ ಎಂದು ಊರು ನಂಬಿತು. ನಂಬಿದವರೆಲ್ಲ ಸಹಿಗಾಗಿ ಒಂದೊಂದು ಚೆಂಡು ತಂದರು. ಪಾದ್ರಿ ಲಟ್ಸ್ ಒಂದು, ಸಾರಾಯಿ ಅಂಗಡಿಯವನು ಎರಡು, ದಂತವೈದ್ಯರು ಒಂದು. ಒಟ್ಟು ಮೂವತ್ತೊಂದು ಚೆಂಡು, ಒಂದೊಂದಕ್ಕೂ ಹೆಸರಿನ ಚೀಟಿ, ಆಲೂಗಡ್ಡೆಯ ಗೋಣಿಚೀಲದಲ್ಲಿ. ಗ್ಲೆನ್ ಕೂಡ ಒಂದು ಕೊಟ್ಟ. ಕರಾರು ಬೇರೆ, ಚೆಂಡು ಬೇರೆ ಎಂದ.

ಲೊರೇನ್ ಬುತ್ತಿ ಕಟ್ಟಿಕೊಟ್ಟಳು. ಅವಳು ಮಾತು ಕಡಿಮೆಯ ಹೆಂಗಸು. ಆ ಮನೆಯಲ್ಲಿ ಮಾತಿಗೆ ಜಾಗ ಉಳಿದಿದ್ದರೆ ತಾನೆ. ಬಸ್ಸಿನ ಬಾಗಿಲಲ್ಲಿ ಮಾತ್ರ, ಹುಡುಗ ಸಿಕ್ಕರೆ ಅವನು ಇಳಿದುಹೋಗಿದ್ದಾನೋ ಮೈ ತುಂಬಿಕೊಂಡಿದ್ದಾನೋ ನೋಡಿಕೊಂಡು ಬಾ ಎಂದಳು. ಡೆಲ್ಬರ್ಟ್ ಆಗಲೇ ಚಾಲಕನಿಗೆ ಕಾರ್ಡು ತೋರಿಸುತ್ತಿದ್ದ.

ಫಿಲಡೆಲ್ಫಿಯಾದ ಕ್ರೀಡಾಂಗಣದ ಬಾಗಿಲಿನಲ್ಲಿ ಕಾವಲಿನವನು ಗೋಣಿಚೀಲವನ್ನು ಬಿಚ್ಚಿಸಿದ. ಮೂವತ್ತೊಂದು ಚೆಂಡುಗಳು ಉರುಳಿ ಹೊರಬಂದವು. ಸಹಿ ಹಾಕಿಸಿ ಮಾರುವ ದಂಧೆಯವರು ಅಲ್ಲಿ ದಿನಾ ಸಿಕ್ಕಿಬೀಳುತ್ತಿದ್ದರು, ಆದರೆ ಆಲೂಗಡ್ಡೆಯ ಚೀಲದಲ್ಲಿ ತಂದವನು ಇವನೇ ಮೊದಲು. ಡೆಲ್ಬರ್ಟ್ ಎಂದಿನಂತೆ ಮೊದಲಿನಿಂದ ಹೇಳಿದ. ತಾನು ದಂಧೆಯವನಲ್ಲ, ಇಲ್ಲಿ ಆಡಲು ಬಂದಿರುವ ಒಬ್ಬನ ತಂದೆಯ ಸಮಾನ. ಕಾವಲಿನವನು ಬೇಸರವಿಲ್ಲದೆ ಕೇಳಿಸಿಕೊಂಡ.

“ಯಜಮಾನ್ರೇ, ಬೆಳಿಗ್ಗೆಯಿಂದ ಹದಿನಾಲ್ಕು ಜನ ಅಪ್ಪಂದಿರು ಬಂದ್ರು. ಅದ್ರಲ್ಲಿ ಐದು ಜನ ಒಬ್ಬನಿಗೇ ಅಪ್ಪಂದಿರು. ಚೆಂಡು ಇಲ್ಲಿಡಿ, ಹೋಗೋವಾಗ ತಗೊಂಡೋಗಿ.”

ಬಿಲ್ಲೆಯೊಂದನ್ನು ಕೊಟ್ಟು ಒಳಗೆ ಬಿಟ್ಟ. ಡೆಲ್ಬರ್ಟ್ ಮೆಟ್ಟಿಲು ಹತ್ತಿದ. ಇನ್ನೂ ಹತ್ತಿದ. ಅವನ ಸಾಲು ತಲುಪುವಷ್ಟರಲ್ಲಿ ಕೆಳಗಿನ ಮೈದಾನ ಬಿಲಿಯರ್ಡ್ಸ್ ಮೇಜಿನಷ್ಟಾಗಿತ್ತು, ಆಟಗಾರರು ಅದರ ಮೇಲೆ ಬಿದ್ದ ಸಕ್ಕರೆಯ ಹರಳುಗಳಷ್ಟು. ಸುತ್ತ ಸಾವಿರಾರು ಕೆಂಪು ಟೋಪಿಗಳ ನಡುವೆ ಇವನದೊಂದೇ ಬೂದುಬಣ್ಣದ ಟೋಪಿ, ಅದರ ಮೇಲೆ ಒಂಟಿಕಾಲಿನ ಕೊಕ್ಕರೆ. ಪಕ್ಕದ ಜಾಗದಲ್ಲಿ ಓನಾ ಫೆನರ್ಟಿ ಎಂಬ ಎಪ್ಪತ್ತರ ಮುದುಕಿ, ತೊಡೆಯ ಮೇಲೆ ಆಟದ ಲೆಕ್ಕ ಬರೆಯುವ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್. ಅವಳು ಆ ಟೋಪಿಯನ್ನು ನೋಡಿ, ಅದು ಬಾತುಕೋಳಿಯೇ ಎಂದು ಸೌಜನ್ಯದಿಂದ ವಿಚಾರಿಸಿದಳು.

ಪರಿಚಯದ ಶಾಸ್ತ್ರ ಶುರುವಾಯಿತು. ಒಬ್ಬೊಬ್ಬರ ಹೆಸರನ್ನೂ ಧ್ವನಿವರ್ಧಕದಲ್ಲಿ ಕೂಗುವುದು, ಅವರು ಓಡಿಬಂದು ಗೆರೆಯ ಮೇಲೆ ನಿಲ್ಲುವುದು. ತಮ್ಮವರಿಗೆ ಆ ಊರಿನವರು ಕಿವಿ ಒಡೆಯುವಂತೆ ಚಪ್ಪಾಳೆ ತಟ್ಟಿದರು. ಎದುರಾಳಿ ಲೀಗಿನ ದೊಡ್ಡ ದೊಡ್ಡ ಹೆಸರುಗಳು ಬಂದಾಗ ಬೂ ಎಂದು ಕೂಗಿ ಮೂದಲಿಸಿದರು. ಅದು ಸುಮ್ಮನೆ ಬಾಯಿ ಬಿಡುವ ಬೂ ಅಲ್ಲ. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ತಿರುಗಿ, ಮೂವತ್ತು ವರ್ಷದ ಸೋಲು ಗೆಲುವುಗಳನ್ನೆಲ್ಲ ನೆನೆದು ಹೊರಬರುವಂಥದ್ದು. ಯಾರಿಗೆ ಗಿಡ್ಡ ಬೂ, ಯಾರಿಗೆ ಉದ್ದ, ಯಾರಿಗೆ ಕೊನೆಯಲ್ಲಿ ಸ್ವಲ್ಪ ಎಳೆದು ಮುಗಿಸಬೇಕು ಎಂಬುದು ಎಲ್ಲರಿಗೂ ಹುಟ್ಟಿನಿಂದಲೇ ತಿಳಿದ ಹಾಗಿತ್ತು. ಬೂ ಎನ್ನಿಸಿಕೊಂಡವರು ಟೋಪಿ ಎತ್ತಿ ನಗುತ್ತಿದ್ದರು.

“ಟೊಲೀಡೊದಿಂದ, ಎಮಿಲಿಯೋ ಬಾಯೆಸ್.”

ಏನೂ ಆಗಲಿಲ್ಲ. ಚಪ್ಪಾಳೆಯಿಲ್ಲ, ಬೂ ಇಲ್ಲ. ಅರವತ್ತು ಸಾವಿರ ಜನ ಆ ಹೊತ್ತಿನಲ್ಲಿ ಕಡಲೆಕಾಯಿ ಸುಲಿದರು. ಎಲ್ಲಿಯೋ ಒಬ್ಬ ಕೆಮ್ಮಿದ್ದು ಮೇಲಿನ ಸಾಲಿಗೆ ಕೇಳಿಸಿತು. ಡೆಲ್ಬರ್ಟ್ ಎದ್ದುನಿಂತು ಗಂಟಲು ಹರಿಯುವಂತೆ ಕೂಗಿದ. ಮುಂದಿನವರು ಸರಿಯಾಗಿ ಕಾಣಿಸುತ್ತಿಲ್ಲ, ಕೂತುಕೊಳ್ಳಿ ಎಂದರು. ಸಕ್ಕರೆಯ ಹರಳೊಂದು ಗೆರೆಯ ತುದಿಯಲ್ಲಿ ಹೋಗಿ ನಿಂತಿತು.

ಕೂತ ಡೆಲ್ಬರ್ಟನ ಮುಖ ನೋಡಿ ಓನಾ ಫೆನರ್ಟಿಗೆ ಕನಿಕರವಾಯಿತು. ತಾವು ಯಾರನ್ನೂ ಅವಮಾನ ಮಾಡಿಲ್ಲವಲ್ಲ ಎಂದಳು. ಅದೇ ಅವಮಾನ ಎಂದ ಇವನು. ಅಷ್ಟು ಜನಕ್ಕೆ ಬೂ ಅಂದವರು ನನ್ನ ಹುಡುಗನಿಗೆ ಒಂದೇ ಒಂದು ಬೂ ಅನ್ನಬಾರದಾಗಿತ್ತೇ ಎಂದು ಕೇಳಿದ. ಅವಳು ಪೆನ್ಸಿಲ್ ಕೆಳಗಿಟ್ಟಳು. ಈ ವಿಷಯದಲ್ಲಿ ಆ ಊರಿನವರು ತಮಾಷೆ ಮಾಡುವುದಿಲ್ಲ.

“ಬೂ ಅನ್ನೋದು ದಾನ ಕೊಡೋ ವಸ್ತು ಅಲ್ಲ ಸ್ವಾಮಿ. ಸಂಪಾದಿಸ್ಬೇಕು. ನಿಮ್ಮ ಹುಡುಗ ನಮಗೆ ಏನು ಮಾಡಿದಾನೆ ಹೇಳಿ?”

ಏನೂ ಮಾಡಿರಲಿಲ್ಲ. ಬೇರೆ ಲೀಗಿನವನು, ಸೋಲುವ ತಂಡದವನು, ಈ ಊರಿಗೆ ಕಾಲಿಟ್ಟದ್ದೇ ಇಂದು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಡೆಲ್ಬರ್ಟ್ ಎರಡು ಇನ್ನಿಂಗ್ಸ್ ಸುಮ್ಮನೆ ಕೂತ. ಇಂಥ ದೀರ್ಘ ಮೌನ ಅವನಿಗೆ ಒಗ್ಗಿದ್ದಲ್ಲ. ಮೂರನೆಯ ಇನ್ನಿಂಗ್ಸಿಗೆ ಬಾಯಿ ತಾನಾಗಿ ತೆರೆಯಿತು. ಈ ಊರಿನ ಹೆಸರುವಾಸಿ ಮಾಂಸದ ರೊಟ್ಟಿ ಇದೆಯಲ್ಲ, ಚೀಸ್ ಸುರಿದದ್ದು, ಅದನ್ನು ತಮ್ಮೂರಿನ ನಾಯಿಯೂ ಮೂಸುವುದಿಲ್ಲ ಎಂದು ಎಮಿಲಿಯೋ ಅಂದಿದ್ದಾನೆ ಎಂದುಬಿಟ್ಟ.

ಓನಾ ಫೆನರ್ಟಿ ನಿಧಾನವಾಗಿ ತಿರುಗಿದಳು. ಅಂದನೇ ಎಂದಳು. ನನ್ನ ಮನೆಯಲ್ಲೇ ಅಂದ, ನನ್ನ ಕಿವಿಯಾರೆ ಕೇಳಿದೆ ಎಂದ ಡೆಲ್ಬರ್ಟ್. ಅವಳು ಮುಂದಿನ ಸಾಲಿನವನ ಬೆನ್ನು ತಟ್ಟಿದಳು. ಆ ಮಾತು ಅಲ್ಲಿಂದ ಇಳಿಯತೊಡಗಿತು. ಮೇಲಿನ ಅಂತಸ್ತಿನಲ್ಲಿ ನಾಯಿ ಮೂಸದಿದ್ದದ್ದು, ನಡುವಿನ ಅಂತಸ್ತಿಗೆ ಬರುವಷ್ಟರಲ್ಲಿ ಮೂಸಿ ಸತ್ತಿತು. ಆರನೆಯ ಇನ್ನಿಂಗ್ಸಿಗೆ ಎಮಿಲಿಯೋ ಊರಿನ ಹೆಮ್ಮೆಯ, ಸ್ವಾತಂತ್ರ್ಯದ ಕಾಲದ ಒಡೆದ ಗಂಟೆಯ ಮೇಲೆ ಉಗಿದಿದ್ದ. ಏಳನೆಯದರಲ್ಲಿ ಕೆಳಗಿನ ಅಂತಸ್ತಿನ ವಕೀಲರೊಬ್ಬರು, ಅವನು ತಮ್ಮೂರಿನ ತಾಯಂದಿರ ಬಗ್ಗೆ ಆಡಿದ ಮಾತನ್ನು ಹೆಂಗಸರ ಮುಂದೆ ಹೇಳಲಾಗುವುದಿಲ್ಲ ಎಂದು ಹೇಳಿ ಎಲ್ಲರ ಕುತೂಹಲ ಕೆರಳಿಸಿದರು. ಎಂಟನೆಯದರಲ್ಲಿ ಕಡಲೆಕಾಯಿ ಮಾರುವವನು ಮೆಟ್ಟಿಲು ಹತ್ತಿ ಮೇಲೆ ಬಂದು, ಆ ಬಾಯೆಸ್ ಅನ್ನುವವನು ಏನೇನೆಲ್ಲ ಅಂದಿದ್ದಾನೆ ಗೊತ್ತೇ ಎಂದು ಡೆಲ್ಬರ್ಟನಿಗೇ ವಿವರಿಸಿದ. ಡೆಲ್ಬರ್ಟನ ಕಣ್ಣು ಒದ್ದೆಯಾಯಿತು. ಹುಡುಗ ಪ್ರಸಿದ್ಧನಾಗಿದ್ದ.

ಒಂಬತ್ತನೆಯ ಇನ್ನಿಂಗ್ಸು, ಕೊನೆಯ ಸರದಿ, ಎರಡೂ ಕಡೆ ಸಮ ಸಮ. ಎಮಿಲಿಯೋನ ಲೀಗಿನ ತರಬೇತುದಾರ ತನ್ನ ಒಳ್ಳೆಯ ಎಸೆತಗಾರರನ್ನೆಲ್ಲ ಬಳಸಿ ಮುಗಿಸಿದ್ದ. ಕಟ್ಟಳೆಗಾಗಿ ಬಂದವನೊಬ್ಬ ಉಳಿದಿದ್ದ. ಎಮಿಲಿಯೋ ಬಾಯೆಸ್ ಎಂದು ಧ್ವನಿವರ್ಧಕ ಹೇಳಿತು.

ಆ ಬೂ ಹೇಗಿತ್ತೆಂದರೆ, ಹಳಬರು ಈಗಲೂ ಅದನ್ನು ನೆನೆದು ಸುಮ್ಮನಾಗುತ್ತಾರೆ. ಅಂಗಣದ ಸಿಮೆಂಟು ನಡುಗಿತು. ಗಂಡಸರು ಟೋಪಿ ತೆಗೆದು ಎದೆಗೊತ್ತಿಕೊಂಡು ಬೂ ಎಂದರು. ತಾಯಂದಿರು ಮಕ್ಕಳ ಕಿವಿ ಮುಚ್ಚಿ ತಾವು ಬೂ ಎಂದರು. ಡೆಲ್ಬರ್ಟ್ ಕುರ್ಚಿಯ ಮೇಲೆ ಹತ್ತಿ ನಿಂತು, ಸುರಿಯುವ ಕಣ್ಣೀರಿನಲ್ಲಿ ಎರಡೂ ಕೈ ಬೀಸಿ, ಇನ್ನೂ ಜೋರಾಗಿ, ಇನ್ನೂ ಎಂದು ಹುರಿದುಂಬಿಸಿದ. ಇಷ್ಟು ರೋಷ ಎಲ್ಲಿಂದ ಹುಟ್ಟಿತೆಂದು ತಿಳಿಯದೆ ತಡಕಾಡುತ್ತಿದ್ದ ದೂರದರ್ಶನದ ಕ್ಯಾಮೆರಾಕ್ಕೆ ಸಿಕ್ಕಿದ್ದು ಅವನೇ: ಕೊಕ್ಕರೆಯ ಟೋಪಿ ಹಾಕಿಕೊಂಡು ಕೊಕ್ಕರೆಗಳ ಒಬ್ಬನೇ ಆಟಗಾರನಿಗೆ ಊರಿನಿಂದ ಬೂ ಹಾಕಿಸುತ್ತಿರುವ ಒಬ್ಬ ಮನುಷ್ಯ. ಮೈದಾನದ ದೊಡ್ಡ ಪರದೆಯ ಮೇಲೆ ಅವನ ಮುಖ ಎರಡಾಳೆತ್ತರಕ್ಕೆ ಎದ್ದಿತು. ಹಾರ್ಲನ್ ಮಿಲ್ಸ್‌ನ ಸಾರಾಯಿ ಅಂಗಡಿಯಲ್ಲಿ ಟಿವಿಯ ಮುಂದೆ ಕೂತಿದ್ದ ಐವತ್ತು ಜನರ ಕೈಯ ಲೋಟಗಳು ಅರ್ಧದಲ್ಲೇ ನಿಂತವು.

ಎಮಿಲಿಯೋ ಪರದೆಯನ್ನು ನೋಡಿದ. ನೋಡಿಯೇ ನೋಡಿದ. ಆಮೇಲೆ ಮಣ್ಣನ್ನು ಕಾಲಿನಿಂದ ಕೆದಕಿ, ಒಂದು ಚೆಂಡು ಎಸೆದ. ಅದು ಕುಸಿಯಲಿಲ್ಲ. ಆ ಊರಿನದೇ ದೈತ್ಯ ಡ್ರಿಸ್ಕೋಲ್ ಅದನ್ನು ಹೊಡೆದ ಹೊಡೆತಕ್ಕೆ ಅದು ಗೋಡೆ ದಾಟಿ, ಜನರನ್ನು ದಾಟಿ ಹೋಯಿತು. ಆ ಒಂದೇ ಓಟಕ್ಕೆ ಎದುರಾಳಿಗಳು ಗೆದ್ದು ಪಂದ್ಯ ಮುಗಿಯಿತು. ಹತ್ತು ವರ್ಷ ಕಾದು ಬಂದ ದಿನದಲ್ಲಿ ಎಮಿಲಿಯೋ ಎಸೆದದ್ದು ಒಂದೇ ಒಂದು ಚೆಂಡು.

ಆಟಗಾರರು ಹೊರಬರುವ ಬಾಗಿಲಿನಲ್ಲಿ ಹಗ್ಗ ಕಟ್ಟಿದ್ದರು. ಡೆಲ್ಬರ್ಟ್ ಬಿಲ್ಲೆ ಕೊಟ್ಟು ಗೋಣಿಚೀಲ ಬಿಡಿಸಿಕೊಂಡು ಬಂದು ನಿಂತ. ದೊಡ್ಡವರು ಬಂದರು, ಜನ ಮುತ್ತಿದರು, ಬಸ್ಸು ಹೊರಟಿತು, ಜನ ಚದುರಿದರು. ಕೊನೆಗೆ ಒಬ್ಬ, ಕೈಯಲ್ಲಿ ಚೀಲ ಹಿಡಿದು, ಬಾಡಿಗೆ ಕಾರಿಗಾಗಿ ಅತ್ತಿತ್ತ ನೋಡುತ್ತ ಬಂದ. ಅವನನ್ನು ಯಾರೂ ಕೇಳಲಿಲ್ಲ. ಹಗ್ಗದ ಹತ್ತಿರ ಇದ್ದದ್ದು ಡೆಲ್ಬರ್ಟ್ ಒಬ್ಬನೇ.

ಕರಾರು ನೆನಪಿತ್ತು. ಡೆಲ್ಬರ್ಟ್ ಹೆಸರು ಹೇಳದೆ ಟೋಪಿ ತೆಗೆದ. ದೀಪದ ಬೆಳಕಿಗೆ ಮುಖವೊಡ್ಡಿದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಎಮಿಲಿಯೋನ ಕಣ್ಣಿನಲ್ಲಿ ಗುರುತು ಮೂಡಿದ್ದು ಕಂಡು ಅವನು ಹಗ್ಗದ ಮೇಲೆ ಇನ್ನಷ್ಟು ಬಾಗಿದ.

“ಬೂ ಹಾಕಿಸ್ದೋರು ನೀವೇ ಅಲ್ವಾ?” ಎಂದ ಎಮಿಲಿಯೋ. “ಪರದೆ ಮೇಲೆ ನೋಡ್ದೆ.”

ಅದು ಗೌರವ ಎಂದು ಡೆಲ್ಬರ್ಟ್ ಆರಂಭಿಸಿದ. ಈ ಊರಿನಲ್ಲಿ ಅದಕ್ಕೆ ಯೋಗ್ಯತೆ ಬೇಕು, ಸುಮ್ಮಸುಮ್ಮನೆ ಕೊಡುವುದಿಲ್ಲ, ಎಷ್ಟು ಕಷ್ಟಪಟ್ಟು ಕೊಡಿಸಿದೆ ಗೊತ್ತೇ ಎಂದು ವಿವರಿಸಿ, ಹಾಗೆಯೇ ಹೊಲಿಗೆಯ ಮೇಲೆ ಬೆರಳಿಡುವ ವಿಷಯಕ್ಕೂ ಹೋದ. ಎಮಿಲಿಯೋ ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದ.

“ನಿಮ್ಮ ಧ್ವನಿ ಎಲ್ಲೋ ಕೇಳ್ದಂಗಿದೆ. ರೇಡಿಯೋದಲ್ಲಿ ಕೆಲಸ ಮಾಡ್ತೀರಾ?”

ಇಲ್ಲ, ಹಾರ್ಲನ್ ಮಿಲ್ಸ್‌ನವನು ಎಂದ ಡೆಲ್ಬರ್ಟ್. ಊರಿನ ಹೆಸರು ಹೇಳಕೂಡದೆಂದು ಕರಾರಿನಲ್ಲಿ ಇರಲಿಲ್ಲ. ಎಮಿಲಿಯೋ ಚೀಲ ಕೆಳಗಿಟ್ಟ. ಗೋಣಿಯಿಂದ ಒಂದು ಚೆಂಡು ತಾನೇ ತೆಗೆದುಕೊಂಡು ಸಹಿ ಹಾಕಿದ, ಆಮೇಲೆ ಇನ್ನೊಂದು. ಹಾಕುತ್ತ ಹಾಕುತ್ತ ಅವನ ಮುಖ ಹದಿನೆಂಟು ವರ್ಷದ್ದಾಯಿತು. ಆ ಊರಿನಲ್ಲಿ ಒಂದು ಬೇಸಿಗೆ ಇದ್ದೆ ಎಂದ. ಒಬ್ಬ ಅಮ್ಮನ ಮನೆಯಲ್ಲಿ.

“ಲೊರೇನ್ ಅಮ್ಮ. ನಂಗೆ ಮಾತು ಬರ್ತಿರ್ಲಿಲ್ಲ, ಅವ್ರೂ ಆಡ್ತಿರ್ಲಿಲ್ಲ. ನಾನು ಉಂಡು ಏಳೋವರ್ಗೂ ಎದುರ್ಗೆ ಕೂತಿರೋರು, ಅಷ್ಟೇ. ಒಂದಿನ ಊರು ನೆನಪಾಗಿ ತುಂಬ ಅತ್ತೆ. ಬೆಳಿಗ್ಗೆ ಎದ್ ನೋಡಿದ್ರೆ ನನ್ ಶೂ ಎಲ್ಲಾ ತೊಳ್ದು, ಹೊಸ ದಾರ ಹಾಕಿ ಇಟ್ಟಿದ್ರು.”

ಅವರ ಗಂಡ, ಎಂದು ಡೆಲ್ಬರ್ಟ್ ಕೇಳಿದ. ಆ ಎರಡು ಪದಗಳನ್ನು ಅವನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಎಮಿಲಿಯೋ ಇನ್ನೊಮ್ಮೆ ಹೇಳಿಸಿದ.

“ಗಂಡನಾ?” ಎಮಿಲಿಯೋ ಪೆನ್ನು ಹಿಡಿದು ಯೋಚಿಸಿದ. “ಮುಂದಿನ ಕೋಣೇಲಿ ಒಂದು ಕುರ್ಚಿ ಇತ್ತು, ಅದ್ರಿಂದ ಎರಡು ಕಾಲು ಚಾಚ್ಕೊಂಡಿರೋದು. ಇದ್ರೇನೋ. ಪಾಪ, ಕಿವಿ ಕೇಳಿಸ್ತಿರ್ಲಿಲ್ಲ ಅನ್ಸುತ್ತೆ. ಅಲ್ಲಿ ಯಾವಾಗ್ಲೂ ರೇಡಿಯೋ ಹಚ್ಚಿರೋದು, ಒಂದಿನಾನೂ ಆರಿಸಿದ್ದಿಲ್ಲ. ಆ ಅಮ್ಮ ಹೆಂಗ್ ಬದುಕ್ತಿದ್ರೋ.”

ಆ ರೇಡಿಯೋ ನಾನೇ ಎಂದು ಹೇಳಿಕೊಳ್ಳುವ ದಾರಿ ಯಾವುದು? ಡೆಲ್ಬರ್ಟ್ ಒಂದೊಂದೇ ಚೆಂಡು ತೆಗೆದು ಕೊಡುತ್ತಾ ಹೋದ. ಎಮಿಲಿಯೋ ಮೂವತ್ತೊಂದಕ್ಕೂ ಸಹಿ ಹಾಕಿದ. ಅವನಿಗೆ ಆ ದಿನ ಬೇರೆ ಕೆಲಸವಿರಲಿಲ್ಲ. ಕಾರು ಬಂದಾಗ ಆ ಅಮ್ಮ ಬದುಕಿದ್ದಾರೆಯೇ ಎಂದು ಕೇಳಿದ. ಇದ್ದಾರೆ ಎಂದ ಡೆಲ್ಬರ್ಟ್.

“ನಾನು ಕೇಳ್ದೆ ಅಂತ ಹೇಳಿ. ಬರೀಬೇಕು ಅಂತ ಎಷ್ಟೋ ಸಲ ಕೂತೆ. ವಿಳಾಸ ಇತ್ತು, ಏನ್ ಬರೀಬೇಕೋ ಗೊತ್ತಾಗ್ಲಿಲ್ಲ. ಎಮಿಲಿಯೋ ಮರ್ತಿಲ್ಲ ಅಂತ ಹೇಳಿ, ಸಾಕು.”

ಮರುದಿನ ಮಧ್ಯಾಹ್ನ ಬಸ್ಸು ಹಾರ್ಲನ್ ಮಿಲ್ಸ್ ತಲುಪಿದಾಗ ಕ್ಷೌರದಂಗಡಿಯ ಮುಂದೆ ಊರು ನೆರೆದಿತ್ತು. ನಮ್ಮ ಹುಡುಗನಿಗೆ ನೀನೇ ಬೂ ಹಾಕಿಸಿದೆಯಲ್ಲ ಎಂದು ಪಾದ್ರಿ ಲಟ್ಸ್ ಕೂಡ ಮುಖ ಗಂಟಿಕ್ಕಿ ನಿಂತಿದ್ದರು. ಡೆಲ್ಬರ್ಟ್ ವಾದಕ್ಕೆ ಹೋಗಲಿಲ್ಲ. ಗೋಣಿಚೀಲ ಬಿಚ್ಚಿದ. ಮೂವತ್ತೊಂದು ಸಹಿ ಕಂಡ ಮೇಲೆ ಯಾರಿಗೂ ಕೋಪ ಉಳಿಯಲಿಲ್ಲ; ತಮ್ಮ ತಮ್ಮ ಚೆಂಡು ಹುಡುಕಿಕೊಳ್ಳುವ ಗದ್ದಲ ಶುರುವಾಯಿತು. ಗ್ಲೆನ್ ತನ್ನದನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಇಳಿದಿತ್ತು. ಇಷ್ಟಕ್ಕೂ ಸಹಿ ಹಾಕಿದವನು ಗುರುತು ಹಿಡಿಯದೆ ಇರುತ್ತಾನೆಯೇ? ಬಣ್ಣದವನನ್ನು ಕರೆಸಬೇಕೇ ಎಂದು ಕೇಳಿದ.

ಒಂದು ಹೌದು ಅಂದಿದ್ದರೆ ಸಾಕಿತ್ತು. ಸಾಕ್ಷಿಗೆ ಫಿಲಡೆಲ್ಫಿಯಾಕ್ಕೆ ಹೋಗುವವರು ಯಾರೂ ಇರಲಿಲ್ಲ.

“ಹಿಡೀಲಿಲ್ಲ,” ಎಂದ ಡೆಲ್ಬರ್ಟ್.

ಹತ್ತು ವರ್ಷದಲ್ಲಿ ಅವನು ಎಮಿಲಿಯೋನ ಬಗ್ಗೆ ಆಡಿದ ಅತಿ ಚಿಕ್ಕ ಮಾತು ಅದು. ಜನ ದಂಗಾದರು. ಸುಳ್ಳು ಹೇಳುವ ಅವಕಾಶವಿದ್ದೂ ಹೇಳದ ಮನುಷ್ಯ ಎಂದು ದಂತವೈದ್ಯರು ಅವನ ಕೈ ಕುಲುಕಿದರು. ಗ್ಲೆನ್ ತಾನೇ ಗೆದ್ದಿದ್ದರೂ ಅವನಿಗೆ ಪುಕ್ಕಟೆ ಕ್ಷೌರ ಮಾಡಿ ಕಳಿಸಿದ.

ಮನೆಯಲ್ಲಿ ಲೊರೇನ್ ಊಟಕ್ಕಿಟ್ಟಳು. ಎದುರಿಗೆ ಕೂತಳು. ಅವನು ಉಣ್ಣುವ ತನಕ ಕಾದಳು. ಬೂ ಹಾಕಿಸಿದ ಬಗ್ಗೆ ಕೇಳಲಿಲ್ಲ, ಕರಾರಿನ ಬಗ್ಗೆಯೂ ಕೇಳಲಿಲ್ಲ.

“ಹುಡುಗ ಹೆಂಗಿದಾನೆ?”

ಚೆನ್ನಾಗಿದ್ದಾನೆ, ಮೈ ತುಂಬಿಕೊಂಡಿದ್ದಾನೆ ಎಂದ. ಅವಳು ತಟ್ಟೆಯ ಪಕ್ಕದ ಚಮಚವನ್ನು ನೆಟ್ಟಗೆ ಮಾಡಿದಳು. ಮತ್ತೆ ಸ್ವಲ್ಪ ಓರೆ ಮಾಡಿದಳು.

“ನನ್ನೇನಾದ್ರೂ ಕೇಳಿದ್ನಾ?”

ಡೆಲ್ಬರ್ಟ್ ರೊಟ್ಟಿಯ ತುಂಡನ್ನು ಸಾರಿನಲ್ಲಿ ಅದ್ದಿದ. ಅದು ನೆಂದು ಮೆತ್ತಗಾಗಿ ಮುರಿದು ಒಳಗೆ ಬಿತ್ತು.

“ಇಲ್ಲ. ಯಾರ ನೆನಪೂ ಇಲ್ಲ ಅವ್ನಿಗೆ.”

ಅವಳು ಇರಲಿ ಬಿಡು ಎಂದಳು. ಎಷ್ಟು ಮನೆ, ಎಷ್ಟು ಊರು, ಹುಡುಗರಿಗೆ ಎಲ್ಲಿ ನೆನಪಿರುತ್ತದೆ ಎಂದಳು. ಎದ್ದು ಹೋಗಿ ಒಲೆಯ ಕಡೆ ಮುಖ ಮಾಡಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು.

ಡೆಲ್ಬರ್ಟ್ ಕರಾರಿಗೆ ನಿಂತ. ಬೀದಿಯಲ್ಲಿ, ಅಂಗಡಿಯಲ್ಲಿ, ಮೀಟರಿನ ಮುಂದೆ, ಎಲ್ಲಿಯೂ ಆ ಹೆಸರು ಎತ್ತಲಿಲ್ಲ. ಮೊದಮೊದಲು ಜನ ಕೆಣಕಿ ನೋಡಿದರು. ಆಮೇಲೆ ಅವರಿಗೇ ನಾಚಿಕೆಯಾಗಿ ಬಿಟ್ಟರು. ವರ್ಷ ತುಂಬುವಷ್ಟರಲ್ಲಿ, ಕೊಟ್ಟ ಮಾತು ಉಳಿಸಿಕೊಳ್ಳುವುದು ಹೇಗೆಂದು ಮಕ್ಕಳಿಗೆ ಹೇಳಬೇಕಾದಾಗ ಊರಿನವರು ಅವನ ಹೆಸರನ್ನೇ ಹೇಳತೊಡಗಿದ್ದರು. ಒಂದು ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಪಾದ್ರಿ ಲಟ್ಸ್ ಲೊರೇನಳನ್ನು ನಿಲ್ಲಿಸಿ, ನಿಮ್ಮ ಯಜಮಾನರಂಥವರು ಅಪರೂಪ ಎಂದರು. ಡೆಲ್ಬರ್ಟ್ ಟೋಪಿಯನ್ನು ಕೈಯಲ್ಲಿ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದ.

“ಹೌದು ಫಾದರ್,” ಎಂದಳು ಲೊರೇನ್. “ಹುಡುಗನ ಹೆಸ್ರು ಮನೇಲೂ ಎತ್ತಲ್ಲ.”